ಗಂಟಿ ಕಟ್ಟಿದ್ಯಾ ಮಗಾ?

ಕಳೆದ ಮಳೆಗಾಲದ ಒಂದು ಸೋಮವಾರ. ಥಾಣೆಯ ಕಚೇರಿಯಿಂದ ಲೋಕಲ್ ಹಿಡಿದು ಡೊಂಬಿವಲಿಯ ಮನೆ ಸೇರುವಾಗ ರಾತ್ರಿ ಎಂಟೂವರೆ. ಹೆಂಡತಿ ಇನ್ನೂ ವಾಶಿಯಿಂದ ಬಂದಿರಲಿಲ್ಲ. ಹಾಸಿಗೆಯಲ್ಲಿ ಕಣ್ಣು ಬಿಟ್ಟುಕೊಂಡೇ ಮಲಗಿದ್ದ ಅಮ್ಮ ನನ್ನನ್ನು ಕಂಡದ್ದೇ, "ಗಂಟಿ ಕಟ್ಟಿದ್ಯಾ ಮಗಾ?" ಎಂದು ಕೇಳಿದಳು.

ಗಂಟಿ ಎಂದರೆ ನಮ್ಮ ಕುಂದಾಪುರದ ಕಡೆ ದನಕರು. ನಮ್ಮ ಹಟ್ಟಿ ಖಾಲಿಯಾಗಿ ಇಪ್ಪತ್ತು ವರ್ಷ ದಾಟಿದೆ. ಈಗ ನಾವಿರುವುದು ಮೂರನೇ ಮಹಡಿಯಲ್ಲಿ. ನಾನು ನಕ್ಕುಬಿಟ್ಟೆ. ಎಪ್ಪತ್ತೆಂಟರ ಅರಳುಮರಳು ಎಂದುಕೊಂಡೆ. ಹಿಂದಿನ ರಾತ್ರಿ ಅವಳಿಗೆ ಚಳಿ ಬಂದಿತ್ತು. ಬೆಳಿಗ್ಗೆ ನೋಡಿದರೆ ಜ್ವರ ಬರೀ 99. ಮಾತ್ರೆ ಕೊಟ್ಟು ಹೋಗಿದ್ದೆ. ಎರಡು ದಿನದಿಂದ ಉರಿಮೂತ್ರ ಇದ್ದುದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಪಕ್ಕದ ಮನೆಯ ವಹಿನಿ ಕಲ್ಯಾಣ್‌ನಲ್ಲಿ ನರ್ಸ್. ಡ್ಯೂಟಿ ಮುಗಿಸಿ ಅಮ್ಮನನ್ನು ನೋಡಲು ಬಂದವರು ಗಡಿಯಾರ ನೋಡುತ್ತಾ ಉಸಿರು ಎಣಿಸಿದರು. ನಿಮಿಷಕ್ಕೆ 26. "ಬೆಳಗಿನ ತನಕ ಕಾಯಬೇಡಿ" ಎಂದರು. ಮಳೆಯಲ್ಲೇ ರಿಕ್ಷಾ ಹಿಡಿದೆವು.

ಆಸ್ಪತ್ರೆಯಲ್ಲಿ ಯುವ ವೈದ್ಯರು ಮರಾಠಿ, ಹಿಂದಿಯಲ್ಲಿ ಮಾತಾಡಿಸಿದರು. ಅಮ್ಮ ಕುಂದಾಪುರದ ಕನ್ನಡದಲ್ಲಿ ಸರಾಗವಾಗಿ ಉತ್ತರಿಸುತ್ತಿದ್ದಳು. "ಮಾತು ಸರಿಯಾಗಿದೆಯಲ್ಲ?" ಎಂದು ಅವರು ನನ್ನನ್ನು ಕೇಳಿದರು. ಆಗ ನನ್ನ ನಗು ನನಗೇ ಚುಚ್ಚಿತು. "ಇಲ್ಲ ಡಾಕ್ಟರ್, ಇಪ್ಪತ್ತು ವರ್ಷದ ಹಿಂದೆ ಮಾರಿದ ಹಸುಗಳನ್ನು ಕಟ್ಟಲು ಹೇಳುತ್ತಿದ್ದಾಳೆ" ಎಂದೆ. ಬರೆಯುತ್ತಿದ್ದ ಪೆನ್ನು ನಿಂತಿತು.

ಸೋಂಕಿಗೆ ದೇಹ ತೋರುವ ಪ್ರತಿಕ್ರಿಯೆಯೇ ಹದ ತಪ್ಪಿ ಸ್ವಂತ ಅಂಗಗಳನ್ನು ಕೆಡಿಸುವ ಸ್ಥಿತಿ ಸೆಪ್ಸಿಸ್. 2017ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 1.1 ಕೋಟಿ ಸಾವುಗಳು ಇದಕ್ಕೆ ಸಂಬಂಧಿಸಿದ್ದವೆಂಬ ಅಂದಾಜಿದೆ. ವೇಗದ ಉಸಿರು, ಇಳಿದ ರಕ್ತದೊತ್ತಡ, ಮಂಕಾದ ಅಥವಾ ಗಲಿಬಿಲಿಯಾದ ಬುದ್ಧಿ ಇದರ ಮುಖ್ಯ ಸುಳಿವುಗಳು. ವಯಸ್ಸಾದವರಲ್ಲಿ ಜ್ವರ ಏರದೆಯೂ ಇರಬಹುದು.

ಲ್ಯಾಕ್ಟೇಟ್, ಸಿಆರ್‌ಪಿ, ಪ್ರೊಕ್ಯಾಲ್ಸಿಟೋನಿನ್, ಬ್ಲಡ್ ಕಲ್ಚರ್ ಎಂದು ರಕ್ತ ತೆಗೆದರು. ಕಲ್ಚರ್ ವರದಿಗೆ ಎರಡು ಮೂರು ದಿನ ಬೇಕು. ಪ್ರೊಕ್ಯಾಲ್ಸಿಟೋನಿನ್ ಆದರೆ ಸೋಂಕು ಉಲ್ಬಣಿಸಿದ ಕೆಲವೇ ಗಂಟೆಗಳಲ್ಲಿ ರಕ್ತದಲ್ಲಿ ಏರುತ್ತದೆ. ಸಿಆರ್‌ಪಿ ಅದಕ್ಕಿಂತ ನಿಧಾನ. ತೀವ್ರ ಬ್ಯಾಕ್ಟೀರಿಯಾ ಸೋಂಕಿನಲ್ಲಿ ಈ ಏರಿಕೆಯನ್ನು ಫ್ರೆಂಚ್ ಸಂಶೋಧಕರು 1993ರಲ್ಲೇ ವರದಿ ಮಾಡಿದ್ದರು. 0.5ಕ್ಕಿಂತ ಕಡಿಮೆಯಿದ್ದರೆ ಸೆಪ್ಸಿಸ್ ಸಾಧ್ಯತೆ ಕಡಿಮೆ, 2 ದಾಟಿದರೆ ಹೆಚ್ಚು. ಅಮ್ಮನದು 14.

ಆದರೆ ಆ 14 ಬರುವ ಮೊದಲೇ ಡ್ರಿಪ್‌ನಲ್ಲಿ ಆಂಟಿಬಯೋಟಿಕ್ ಹರಿಯುತ್ತಿತ್ತು. "ಈ ಅಂಕಿಗಾಗಿ ಕಾಯುತ್ತಾ ಕೂರುವ ಹಾಗಿಲ್ಲ. ಮಲೇರಿಯಾದಲ್ಲೂ, ದೊಡ್ಡ ಶಸ್ತ್ರಚಿಕಿತ್ಸೆಯ ನಂತರವೂ ಇದು ಏರಬಹುದು. ಔಷಧ ಯಾವಾಗ ನಿಲ್ಲಿಸಬೇಕು ಎನ್ನುವುದಕ್ಕೆ ಹೆಚ್ಚು ಉಪಯೋಗ" ಎಂದರು ವೈದ್ಯರು. ಹಾಗೆಯೇ ಆಯಿತು. ಮೂರನೇ ದಿನ 5, ಏಳನೇ ದಿನ 0.4. ಆಂಟಿಬಯೋಟಿಕ್ ನಿಲ್ಲಿಸಿದರು. ಅಮ್ಮ ಗಂಜಿ ಕೇಳಿದಳು, ಉಪ್ಪಿನಕಾಯಿ ಯಾಕಿಲ್ಲ ಎಂದು ಜಗಳವಾಡಿದಳು.

ನಮ್ಮಲ್ಲಿ ಅನೇಕರು ಊರಿನ ಹಿರಿಯರನ್ನು ಕರೆತಂದು ಥಾಣೆ, ಕಲ್ಯಾಣ್, ನವಿ ಮುಂಬಯಿಯ ಫ್ಲ್ಯಾಟುಗಳಲ್ಲಿ ಇಟ್ಟುಕೊಂಡಿದ್ದೇವೆ. ಲ್ಯಾಬುಗಳಿಗೆ ಇಲ್ಲಿ ಕೊರತೆಯಿಲ್ಲ. ಆದರೆ ರಕ್ತ ಪರೀಕ್ಷೆ ಎಷ್ಟೇ ಚುರುಕಾಗಿದ್ದರೂ, ರೋಗಿ ಆಸ್ಪತ್ರೆ ತಲುಪಿದ ಮೇಲೆಯೇ ಅದರ ಗಡಿಯಾರ ಶುರು. ಅದಕ್ಕೂ ಮುಂಚಿನ ಸುಳಿವು ಅವರ ಮಾತಿನಲ್ಲಿರಬಹುದು. ಅವರ ಕನ್ನಡ ಎಂದಿನಂತಿದೆಯೇ, ತಪ್ಪಿದೆಯೇ ಎಂದು ಇಲ್ಲಿನ ವೈದ್ಯರಿಗೆ ತಿಳಿಯುವುದು ಹೇಗೆ? ಅದನ್ನು ನಾವೇ ಹೇಳಬೇಕು.

ಈಗ ಅಮ್ಮ ಏನಾದರೂ ವಿಚಿತ್ರವಾಗಿ ಕೇಳಿದರೆ ನಾನು ನಗುವುದಿಲ್ಲ. ಮೊದಲು ಪಕ್ಕದಲ್ಲಿ ಕೂತು ಅವಳ ಉಸಿರು ಎಣಿಸುತ್ತೇನೆ.