ಹೆಸರುಗಳ ಸಾಲು

ಸಂಗೀತಗಾರರ ಹೆಸರುಗಳನ್ನು ಒಂದರ ಕೆಳಗೊಂದರಂತೆ ಬರೆದಿಡುವುದೇನು ಮಹಾ ಕೆಲಸ ಎಂದು ಮೇಲುನೋಟಕ್ಕೆ ತೋರಬಹುದು. ಮದುವೆಮನೆಯ ಸಾಮಾನಿನ ಪಟ್ಟಿಯನ್ನು ಯಾರು ಬೇಕಾದರೂ ಬರೆಯಬಲ್ಲರು. ಗವಾಯಿಗಳ ಪಟ್ಟಿಯನ್ನು ಬರೆಯಹೊರಟವನಿಗಾದರೋ ಮೊದಲನೆಯ ಹೆಸರಿನಲ್ಲಿಯೇ ಲೇಖನಿ ನಿಂತುಬಿಡುತ್ತದೆ.

ಅಂತಹ ಪಟ್ಟಿಗಳು ಇಂದು ಹೇರಳವಾಗಿ ಸಿದ್ಧವಾಗುತ್ತಿರುವುದು ಅಂತರಜಾಲದ ವಿಶ್ವಕೋಶವಾದ ವಿಕಿಪೀಡಿಯದಲ್ಲಿ. 2001ರ ಜನವರಿಯಲ್ಲಿ ಇಂಗ್ಲಿಷಿನಲ್ಲಿ ಮೊದಲಾದ ಈ ಕೋಶಕ್ಕೆ 2003ರಲ್ಲಿ ಕನ್ನಡದ ಆವೃತ್ತಿಯೂ ಹುಟ್ಟಿತು. ಇದನ್ನು ಬರೆಯುವವರು ಸಂಬಳದ ಪಂಡಿತರಲ್ಲ. ಓದಲು ಬಂದವನೇ ತಪ್ಪು ಕಂಡಲ್ಲಿ ತಿದ್ದಬಹುದು, ಬಿಟ್ಟುಹೋದುದನ್ನು ಸೇರಿಸಬಹುದು. ಒಬ್ಬನು ಸೇರಿಸಿದ್ದನ್ನು ಮತ್ತೊಬ್ಬನು ಅಳಿಸಲೂಬಹುದು. ಯಾರು ಯಾವಾಗ ಏನು ಮಾಡಿದರೆಂಬ ಲೆಕ್ಕವೆಲ್ಲ ಪುಟದ ಹಿಂದೆ ಭದ್ರವಾಗಿ ಉಳಿದಿರುತ್ತದೆ.

ಇಂತಹ ಸಂಗ್ರಹಕಾರ್ಯ ನಮ್ಮ ನಾಡಿಗೆ ಹೊಸದೇನಲ್ಲ. ಆರ್. ನರಸಿಂಹಾಚಾರ್ಯರು ‘ಕರ್ಣಾಟಕ ಕವಿಚರಿತೆ’ಯ ಮೊದಲ ಸಂಪುಟವನ್ನು 1907ರಲ್ಲಿ ಹೊರತಂದರು. ಅದಕ್ಕೂ ಮುನ್ನ 1904ರಲ್ಲಿ ಎಟ್ಟಯಾಪುರದ ಸುಬ್ಬರಾಮ ದೀಕ್ಷಿತರು ತೆಲುಗಿನಲ್ಲಿ ಪ್ರಕಟಿಸಿದ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯಲ್ಲಿ ವಾಗ್ಗೇಯಕಾರರ ಚರಿತ್ರೆಗಳೂ ಸೇರಿದ್ದವು. ಆದರೆ ಕವಿಯು ತನ್ನ ಕಾವ್ಯವನ್ನು ಓಲೆಗರಿಯ ಮೇಲೆ ಬಿಟ್ಟುಹೋಗುತ್ತಾನೆ. ವಾಗ್ಗೇಯಕಾರನು ತನ್ನ ಕೃತಿಯಲ್ಲಿ ಅಂಕಿತವನ್ನು ಇರಿಸಿರುತ್ತಾನೆ. ಬರಿದೇ ಹಾಡಿ ಹೋದವನ ಹಾಡು ಗಾಳಿಯಲ್ಲಿ ಕರಗಿತು. ಅವನಿಗೆ ಉಳಿಯುವುದು ಹೆಸರೊಂದೇ. ಆ ಹೆಸರಾದರೂ ಒಂದೇ ಬಗೆಯಾಗಿ ಉಳಿದೀತೇ?

ಏಳು ತಂತಿಗಳ ಪಿಟೀಲನ್ನು ನುಡಿಸಿ ಖ್ಯಾತರಾದ ಚೌಡಯ್ಯನವರನ್ನು ಒಬ್ಬರು ‘ಮೈಸೂರು ಟಿ. ಚೌಡಯ್ಯ’ ಎಂದು ಬರೆದರೆ, ಇನ್ನೊಬ್ಬರು ‘ತಿರುಮಕೂಡಲು ಚೌಡಯ್ಯ’ ಎನ್ನುತ್ತಾರೆ. ಜನರ ಬಾಯಲ್ಲಿ ಅವರು ‘ಪಿಟೀಲು ಚೌಡಯ್ಯ’. ಎಚ್ಚರ ತಪ್ಪಿದರೆ ಒಂದೇ ಪಟ್ಟಿಯಲ್ಲಿ ಮೂವರು ಚೌಡಯ್ಯಂದಿರು ಕುಳಿತಾರು! ಮನೆತನದ ಹೆಸರನ್ನು ಮುಂದಿಟ್ಟು ಅಕಾರಾದಿಯಾಗಿ ಜೋಡಿಸುವುದು ಇಂಗ್ಲಿಷ್ ಪಟ್ಟಿಗಳ ವಾಡಿಕೆ. ಮೈಸೂರು ವಾಸುದೇವಾಚಾರ್ಯರ ಹೆಸರಿನ ಮೊದಲಿಗಿರುವುದು ಊರು. ವೀಣೆ ಶೇಷಣ್ಣನವರ ಹೆಸರಿನ ಮೊದಲಿಗಿರುವುದು ವಾದ್ಯ. ಮಲ್ಲಿಕಾರ್ಜುನ ಮನ್ಸೂರರಿಗೆ ಊರೇ ಅಡ್ಡಹೆಸರಾಯಿತು. ಗಂಗೂಬಾಯಿ ಹಾನಗಲ್ಲರ ಮೊದಮೊದಲ ಗ್ರಾಮಫೋನ್ ತಟ್ಟೆಗಳಲ್ಲಂತೂ ಅವರ ಹೆಸರು ‘ಗಾಂಧಾರಿ’ ಎಂದಿತ್ತು. ಇದಕ್ಕೆ ವಿಕಿಪೀಡಿಯದವರು ಒಂದು ಉಪಾಯ ಕಂಡುಕೊಂಡಿದ್ದಾರೆ. ಯಾವ ಹೆಸರಿನಿಂದ ಹುಡುಕಿದರೂ ಓದುಗನನ್ನು ಒಂದೇ ಪುಟಕ್ಕೆ ಕರೆದೊಯ್ಯುವ ಏರ್ಪಾಡು ಅದು. ಸೊಗಸಾದ ಉಪಾಯವೇ ಸರಿ.

ಹೆಸರಿನ ತೊಡಕು ಬಿಡಿಸಿದ ಮೇಲೆ ವಿಂಗಡಣೆಯ ತೊಡಕು. ಕನ್ನಡದಲ್ಲಿ ‘ಕರ್ನಾಟಕದ ಸಂಗೀತಗಾರರು’ ಎಂಬುದೂ ‘ಕರ್ನಾಟಕ ಸಂಗೀತಗಾರರು’ ಎಂಬುದೂ ಒಂದೇ ಒಂದು ಅಕ್ಷರದ ಅಂತರದಲ್ಲಿವೆ. ಧಾರವಾಡದ ಮನ್ಸೂರರು ಮೊದಲನೆಯ ಪಟ್ಟಿಗೆ ಸಲ್ಲುತ್ತಾರೆ, ಎರಡನೆಯದಕ್ಕೆ ಸಲ್ಲರು. ಅವರದು ಹಿಂದೂಸ್ತಾನಿ ಸಂಗೀತದ ಜೈಪುರ-ಅತ್ರೌಲಿ ಘರಾಣೆ. ತಿರುವಯ್ಯಾರಿನ ತ್ಯಾಗರಾಜರು ಎರಡನೆಯದಕ್ಕೆ ಸಲ್ಲುತ್ತಾರೆ, ಮೊದಲನೆಯದಕ್ಕೆ ಸಲ್ಲರು. ಒಂದು ‘ದ’ಕಾರ ಉದುರಿದರೆ ಸಾಕು, ಮಹಾವಿದ್ವಾಂಸರು ತಮ್ಮದಲ್ಲದ ಮನೆಯಲ್ಲಿ ಹೋಗಿ ನಿಲ್ಲಬೇಕಾಗುತ್ತದೆ.

ಊರಿನ ಪ್ರಕಾರ ವಿಂಗಡಿಸೋಣವೆಂದರೆ ಅದೂ ಸುಸೂತ್ರವಲ್ಲ. ಗದಗ ಸೀಮೆಯಲ್ಲಿ 1922ರಲ್ಲಿ ಜನಿಸಿದ ಭೀಮಸೇನ ಜೋಶಿಯವರು ಕುಂದಗೋಳದ ಸವಾಯಿ ಗಂಧರ್ವರಲ್ಲಿ ಕಲಿತು, ಬಾಳಿದ್ದು ಪುಣೆಯಲ್ಲಿ. ಬೆಳಗಾವಿಯ ಬಳಿಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರನೆಂಬ ಬಾಲಕ ಕುಮಾರ ಗಂಧರ್ವನೆನಿಸಿ ಮಧ್ಯಪ್ರದೇಶದ ದೇವಾಸದಲ್ಲಿ ನೆಲೆಸಿದರು. ಘರಾಣೆಯಿಂದ ವಿಂಗಡಿಸೋಣವೆಂದರೆ ಕುಮಾರರು ಯಾವ ಘರಾಣೆಯ ಬೇಲಿಗೂ ಒಳಪಡದವರು. ಕಿರಾಣಾ ಘರಾಣೆಗೆ ಹೆಸರು ಕೊಟ್ಟ ಊರು ಉತ್ತರಪ್ರದೇಶದಲ್ಲಿದೆ. ಅದು ಹುಲುಸಾಗಿ ಬೆಳೆದುದು ಮಾತ್ರ ಧಾರವಾಡದ ಕರಿಮಣ್ಣಿನಲ್ಲಿ. ಆದುದರಿಂದ ಒಬ್ಬ ಕಲಾವಿದನನ್ನು ಒಂದೇ ಪಟ್ಟಿಗೆ ಕಟ್ಟಿಹಾಕದೆ, ಹುಟ್ಟೂರು, ಘರಾಣೆ, ವಾದ್ಯ ಎಂದು ಹಲವು ಪಟ್ಟಿಗಳಲ್ಲಿ ತೋರಿಸುವುದೇ ಮೇಲು. ಕಾಗದದ ಕೋಶದಲ್ಲಿ ಸ್ಥಳದ ಬಡತನ, ಇಲ್ಲಿ ಅದಿಲ್ಲ.

ಸ್ಥಳವಿದೆಯೆಂದ ಮಾತ್ರಕ್ಕೆ ಯಾರನ್ನಾದರೂ ಸೇರಿಸಲಾಗದು. ಶಿಷ್ಯನೊಬ್ಬನು ಭಕ್ತಿಯಿಂದ ತನ್ನ ಗುರುವಿನ ಹೆಸರನ್ನು ಬರೆಯುತ್ತಾನೆ. ಆಧಾರವೆಲ್ಲಿ ಎಂದು ಕೇಳಿ ಅಪರಿಚಿತನೊಬ್ಬನು ಅದನ್ನು ತೆಗೆದುಹಾಕುತ್ತಾನೆ. ಶಿಷ್ಯನಿಗೆ ನೋವಾಗುವುದು ಸಹಜವೇ. ಆದರೂ ಈ ಕಟ್ಟುಪಾಡಿಲ್ಲದಿದ್ದರೆ ಪಟ್ಟಿಯು ಅಭಿಮಾನಿಗಳ ಸಂತೆಯಾದೀತು. ಪ್ರಕಟವಾದ ಪುಸ್ತಕ, ಪತ್ರಿಕೆಯ ವಿಮರ್ಶೆ—ಇಂತಹುದೊಂದು ಸಾಕ್ಷ್ಯ ಬೇಕು. ಈ ನಿಯಮದಿಂದ ಹೆಚ್ಚು ನಷ್ಟಕ್ಕೆ ಒಳಗಾಗುವವರು ಹಿಂದೆ ಕುಳಿತವರು. ಹಾರ್ಮೋನಿಯಂ ನುಡಿಸಿದವರು, ಸಾರಂಗಿ ಹಿಡಿದವರು, ಗುಡಿಯ ಮುಂದೆ ಓಲಗ ಊದಿದವರು ಇವರೆಲ್ಲರ ಬಗೆಗೆ ಬರೆದವರೇ ವಿರಳ. ಅಂತಹವರಲ್ಲಿ ಸಾಕ್ಷ್ಯ ದೊರೆತವರ ಹೆಸರುಗಳು, ಅವರ ಬಗೆಗೆ ಪ್ರತ್ಯೇಕ ಪುಟವಿನ್ನೂ ಇಲ್ಲದಿದ್ದರೆ, ಪಟ್ಟಿಯಲ್ಲಿ ಕೆಂಪು ಅಕ್ಷರಗಳಲ್ಲಿ ಕಾಣುತ್ತವೆ. ಇಲ್ಲಿ ಬರೆಯುವುದು ಬಾಕಿಯಿದೆ ಎಂದು ಆ ಕೆಂಪು ಸೂಚಿಸುತ್ತದೆ. ಅದನ್ನು ಕಂಡು ಮುಂದೊಮ್ಮೆ ಯಾರಾದರೂ ಬರೆಯಲು ಕುಳಿತಾರು.

ಗಂಗೂಬಾಯಿಯವರ ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತದ ಗಾಯಕಿ. ಹಿಂದೂಸ್ತಾನಿ ಗಾಯನವನ್ನು ಕಲಿಯುತ್ತಿದ್ದ ಮಗಳ ಶೈಲಿ ಕೆಡದಿರಲೆಂದು ಅವರು ತಮ್ಮ ಹಾಡನ್ನೇ ನಿಲ್ಲಿಸಿದರಂತೆ. ಮಗಳು ಹಿಂದೂಸ್ತಾನಿ ಗಾಯಕರ ಪಟ್ಟಿಯಲ್ಲಿ ಸುಲಭವಾಗಿ ಸಿಗುತ್ತಾರೆ. ತಾಯಿಗಾಗಿ ಇನ್ನೊಂದು ಪಟ್ಟಿಯಲ್ಲಿ ‘ಅ’ ಅಕ್ಷರದ ಕೆಳಗೆ ಒಂದು ಸಾಲು ಬರೆಯಹೊರಟವರು, ಮಗಳ ನೆನಪುಗಳನ್ನು ದಾಟಿ, ಧಾರವಾಡದ ಹಳೆಯ ಪುಸ್ತಕಗಳನ್ನೂ ಪತ್ರಿಕೆಗಳನ್ನೂ ಒಂದೊಂದಾಗಿ ತಿರುವಿಹಾಕಬೇಕಾಗುತ್ತದೆ.