ದಾದಿಯರ ಋಣ

ಫ್ಲಾರೆನ್ಸ್ ನೈಟಿಂಗೇಲ್ ಜನಿಸಿ 200 ವರ್ಷ ತುಂಬಿದ 2020ನೆಯ ಇಸವಿಯನ್ನು ವಿಶ್ವ ಆರೋಗ್ಯ ಸಂಸ್ಥೆಯು ದಾದಿಯರ ಹಾಗೂ ಸೂಲಗಿತ್ತಿಯರ ವರ್ಷವೆಂದು ಸಾರಿತ್ತು. ಅದೇ ವರ್ಷ ಕೋವಿಡ್ ಮಹಾಮಾರಿ ಲೋಕವನ್ನೆಲ್ಲ ಆವರಿಸಿತು.

ಮಾರ್ಚ್ 22ರ ಸಂಜೆ ಭಾರತದ ಜನತೆ ಚಪ್ಪಾಳೆ ತಟ್ಟಿ, ಜಾಗಟೆ ಬಾರಿಸಿ ವೈದ್ಯರನ್ನೂ ದಾದಿಯರನ್ನೂ ಗೌರವಿಸಿತು. ಆದರೆ ಸೋಂಕಿನ ಭಯದಿಂದ ಅವರನ್ನು ಬಾಡಿಗೆ ಮನೆಗಳಿಂದ ಹೊರಡಿಸಲೆತ್ನಿಸಿದವರೂ ಇದ್ದರು. ಅವರ ರಕ್ಷಣೆಗಾಗಿ ಕೇಂದ್ರ ಸರ್ಕಾರವು ಏಪ್ರಿಲ್ 22ರಂದು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು.

ರಕ್ಷಾಕವಚ ತೊಟ್ಟ ದಾದಿಯು ಗಂಟೆಗಟ್ಟಲೆ ನೀರನ್ನೂ ಕುಡಿಯುವಂತಿರಲಿಲ್ಲ. ಬಂಧುಗಳಿಗೆ ಪ್ರವೇಶವಿಲ್ಲದ ವಾರ್ಡಿನಲ್ಲಿ ಕಡೆಯುಸಿರೆಳೆಯುವವನ ಕೈ ಹಿಡಿದವಳೂ, ಮೊಬೈಲಿನಲ್ಲಿ ಅವನ ಮುಖವನ್ನು ಮಕ್ಕಳಿಗೆ ತೋರಿಸಿದವಳೂ ಅವಳೇ. ಆ ದುಃಖಕ್ಕೆ ಅಳಲೂ ಬಿಡುವಿಲ್ಲ. ಅಷ್ಟರಲ್ಲಿ ಪಕ್ಕದ ಹಾಸಿಗೆಯಿಂದ ಕರೆ. ಪಾಳಿ ಮುಗಿದರೂ ತನ್ನ ಮಗುವನ್ನು ದೂರದಿಂದಲೇ ನೋಡಬೇಕು. ನಿದ್ರೆಯಿಲ್ಲದ ರಾತ್ರಿಗಳಲ್ಲಿ, ಉಳಿಸಲಾಗಲಿಲ್ಲವಲ್ಲ ಎಂಬ ಕೊರಗು.

ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರ ಮೇ 5ರಂದು ಘೋಷಿಸಿತು. ಮನಸ್ಸಿನ ಗಾಯಕ್ಕೆ ಅಂತಹ ತಾರೀಖಿಲ್ಲ.

ಈ ಋಣ ಚಪ್ಪಾಳೆಯಿಂದ ತೀರುವಂತಹುದಲ್ಲ. ಸಾಕಷ್ಟು ಸಿಬ್ಬಂದಿ, ಸಕಾಲಿಕ ವಿಶ್ರಾಂತಿ, ದುಃಖವನ್ನು ಆಲಿಸುವ ಒಬ್ಬ ಆಪ್ತ ಸಲಹೆಗಾರ, ಇವು ಔಷಧದಷ್ಟೇ ಅಗತ್ಯವೆಂದು ಆಸ್ಪತ್ರೆಗಳನ್ನು ನಡೆಸುವ ಧರ್ಮಸಂಸ್ಥೆಗಳು ಮನಗಾಣಬೇಕು. ಪರರ ನೋವನ್ನು ಹೊತ್ತವರ ನೋವನ್ನು ಕಾಣದ ದಯೆ ಅಪೂರ್ಣವಾದುದು.