ಷಡ್ಜದ ಮೇಲಣ ಚುಕ್ಕಿ

ನಮ್ಮ ತರಗತಿಯಲ್ಲಿ ಹಾಡಲು ಬಾರದವರೂ ತಮ್ಮ ಮೊಬೈಲಿನ ಸಂದೇಶಗಳ ತುದಿಗೆ ಒಂದು ♪ ಅಂಟಿಸುವುದುಂಟು. "ಇಂದು ಪಾಠವಿಲ್ಲ ♪" ಎಂದರೆ ಸಾಕು, ಬರೆದವರ ಮನಸ್ಸು ಹಾಡುತ್ತಿದೆಯೆಂದು ತಿಳಿಯುತ್ತದೆ. ಚಲನಚಿತ್ರಗಳ ಅಡಿಬರಹದಲ್ಲಿಯೂ ಇದೇ ಗುರುತು ಸಾಲಿನ ಎರಡು ತುದಿಗಳಲ್ಲಿ ನಿಂತು, ಇದು ಹಾಡೆಂದು ಕಿವಿ ಕೇಳದವರಿಗೆ ತಿಳಿಸುತ್ತದೆ. ನೋಡಲು ಚಿತ್ರದಂತಿದ್ದರೂ ‘ಕ’ ‘ಖ’ಗಳಂತೆ ಇದೂ ಒಂದು ಅಕ್ಷರವೇ. ಜಗತ್ತಿನ ಲಿಪಿಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್ ಎಂಬ ಪಟ್ಟಿಯಲ್ಲಿ ಇದಕ್ಕೂ ಒಂದು ಸಂಖ್ಯೆಯಿದೆ. 2001ರಲ್ಲಿ ಆ ಪಟ್ಟಿಗೆ ಪಾಶ್ಚಾತ್ಯ ಸಂಗೀತದ 200ಕ್ಕೂ ಹೆಚ್ಚು ಚಿಹ್ನೆಗಳು ಒಟ್ಟಿಗೆ ಸೇರಿದುವು.

ಇಷ್ಟು ದೊಡ್ಡ ಪರಿವಾರವನ್ನು ಕಂಡು ನನಗೆ ಮೊದಲು ಹೊಟ್ಟೆಕಿಚ್ಚೇ ಆಯಿತು. ಆದರೆ ಪಾಶ್ಚಾತ್ಯರ ಸ್ವರವು ಐದು ಗೆರೆಗಳ ಏಣಿಯಲ್ಲಿ ಎಷ್ಟನೆಯ ಮೆಟ್ಟಿಲಿನ ಮೇಲೆ ಕುಳಿತಿದೆಯೆಂಬುದರಿಂದ ತನ್ನ ಹೆಸರನ್ನು ಪಡೆಯುವುದು. ಬರಹದ ಸಾಲಿಗೆ ಅಂಥ ಏಣಿ ಎಲ್ಲಿಂದ ಬರಬೇಕು? ಸಾಲಿಗೆ ಇಳಿದ ♪ ತಾನು ಎಷ್ಟು ಹೊತ್ತು ನಿಲ್ಲಬೇಕೆಂದು ಹೇಳೀತೇ ಹೊರತು, ತಾನು ಯಾವ ಸ್ವರವೆಂದು ಹೇಳಲಾರದು. ♯ ಚಿಹ್ನೆಯದು ಇನ್ನೊಂದು ಪಾಡು. ಕೀಲಿಮಣೆಯಲ್ಲಿ ಅದಿಲ್ಲವಾದ್ದರಿಂದ ಜನರು ಪಕ್ಕದ ಮನೆಯ # ಚಿಹ್ನೆಯನ್ನು ಕರೆತಂದು ಕೂರಿಸುತ್ತಾರೆ. ಮೊದಲನೆಯದರ ಅಡ್ಡಗೆರೆಗಳು ಓರೆ, ಎರಡನೆಯದರವು ಮಟ್ಟಸ. ಓದುವವನು ಉದಾರಿಯಾದರೆ ಕೆಲಸ ನಡೆಯುತ್ತದೆ.

ನಮ್ಮ ಸ್ವರಲಿಪಿಯ ಭಾಗ್ಯವೇ ಬೇರೆ. ಸ ರಿ ಗ ಮ ಪ ದ ನಿ ಹುಟ್ಟಿನಿಂದಲೇ ಅಕ್ಷರಗಳು. ಸ್ವರವನ್ನು ಒಂದು ಅಕ್ಷರಕಾಲ ಎಳೆಯಲು ಅಲ್ಪವಿರಾಮ, ಎರಡು ಎಳೆಯಲು ಅರ್ಧವಿರಾಮ, ತಾಳದ ಅಂಗ ಮುಗಿದಲ್ಲಿ ಒಂದು ನಿಲುಗೆರೆ, ಆವರ್ತ ಮುಗಿದಲ್ಲಿ ಎರಡು. ಇವೆಲ್ಲ ಕೀಲಿಮಣೆಯಲ್ಲಿ ಮೊದಲೇ ಇವೆ. ಸುಬ್ಬರಾಮ ದೀಕ್ಷಿತರು 1904ರಲ್ಲಿ ಎಟ್ಟಯಪುರದಿಂದ ತೆಲುಗು ಲಿಪಿಯಲ್ಲಿ ಹೊರತಂದ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯಲ್ಲಿ ಗಮಕಗಳಿಗೂ ಗುರುತುಗಳನ್ನು ಗೊತ್ತುಮಾಡಿದ್ದರು. ನಾವು ದಿನವೂ ಬಳಸುವ ಲಿಪಿ ಅದಕ್ಕಿಂತ ಬಡವಾದುದು. ಆದರೂ ಹಾಡನ್ನು ದಾಟಿಸುತ್ತದೆ. ತೊಡಕು ಉಳಿದಿರುವುದು ಮುಖ್ಯವಾಗಿ ಒಂದು ಚುಕ್ಕಿಯಲ್ಲಿ. ಮೇಲೆ ಇಟ್ಟರೆ ತಾರಸ್ಥಾಯಿ, ಕೆಳಗೆ ಇಟ್ಟರೆ ಮಂದ್ರ.

ಈ ಚುಕ್ಕಿಯ ಬೆಲೆ ನನಗೆ ತಿಳಿದದ್ದು ಅಜ್ಜಿಯ ಪುಸ್ತಕದಿಂದ. ಅರವತ್ತು ವರ್ಷಗಳ ಹಿಂದೆ ಸೀಸದಕಡ್ಡಿಯಲ್ಲಿ ಬರೆದುಕೊಂಡ ಗೀತೆ, ವರ್ಣಗಳು. ಮುಟ್ಟಿದರೆ ಕಾಗದದ ಅಂಚು ಪುಡಿಯಾಗುತ್ತದೆ. ಕಲಿಸಿದ ಗುರುಗಳು ಇಲ್ಲ. ಅಜ್ಜಿಗೆ ಈಗ ಪುಟ ಕಾಣುವುದಿಲ್ಲ. "ಫೋಟೋ ತೆಗೆದಿಡು, ಸಾಕು" ಎಂದರು ಮನೆಯವರು. ತೆಗೆದೆ. ಆದರೆ ಮಾಸಿದ ಅಕ್ಷರ ಫೋಟೋದಲ್ಲಿಯೂ ಮಾಸಿದ್ದೇ. ಬೇಕಾದ ಸಂಚಾರವನ್ನು ಅದರಲ್ಲಿ ಹುಡುಕಿ ತೆಗೆಯುವಂತೆಯೂ ಇಲ್ಲ. ಆದ್ದರಿಂದ ಅಕ್ಷರಗಳಲ್ಲಿಯೇ ಬೆರಳಚ್ಚು ಮಾಡತೊಡಗಿದೆ.

ಅಕ್ಷರದ ಮೇಲೂ ಕೆಳಗೂ ಕೂರಬಲ್ಲ ಚುಕ್ಕಿಗಳು ಯೂನಿಕೋಡಿನಲ್ಲಿ ಇವೆಯೇನೋ ನಿಜ. ಆದರೆ ಅವು ರೋಮನ್ ಲಿಪಿಯ ಸೇವೆಯಲ್ಲಿ ಪಳಗಿದವು. ‘ಸ’ದ ಮೇಲೆ ಹೇಗೋ ನಿಲ್ಲುತ್ತವೆ, ‘ರಿ’ ‘ನಿ’ಗಳ ತಲೆಯ ಮೇಲೆ ಗುಡಿಸು ಮೊದಲೇ ಇರುವುದರಿಂದ ಅಲ್ಲಿ ಜಾಗಕ್ಕಾಗಿ ಜಗಳ. ಒಂದು ಫಾಂಟಿನಲ್ಲಿ ಸರಿಯಾಗಿ ಕಂಡ ಚುಕ್ಕಿ ಇನ್ನೊಂದರಲ್ಲಿ ಪಕ್ಕದ ಸ್ವರದ ಹೆಗಲೇರುತ್ತದೆ. ಶಿವಮೊಗ್ಗದಲ್ಲಿ ಸಂಗೀತ ಕಲಿಯುತ್ತಿರುವ ಚಿಕ್ಕಮ್ಮನ ಮಗಳಿಗೆ ಒಂದು ಗೀತೆಯನ್ನು ಕಳುಹಿಸಿದೆ. ಅವಳ ಮೊಬೈಲು ಕೆಳಗಿನ ಚುಕ್ಕಿಗಳನ್ನೆಲ್ಲ ನುಂಗಿಬಿಟ್ಟಿತು. ‘ಸ ನಿ ದ’ ಎಂದು ಮೆಟ್ಟಿಲಿಳಿಯಬೇಕಾದ ಹುಡುಗಿ ಷಡ್ಜದಿಂದ ಮೇಲಣ ನಿಷಾದಕ್ಕೆ ಒಂದೇ ನೆಗೆತ ನೆಗೆದಳು. ಫೋನಿನಲ್ಲಿ ಕೇಳುತ್ತಿದ್ದ ಅಜ್ಜಿ, "ಅಯ್ಯೋ, ಬಾವಿಗೆ ಇಳಿಯೋ ಬದಲು ಮಗು ಅಟ್ಟ ಹತ್ತಿತಲ್ಲೇ!" ಎಂದರು.

ಈಗ ಎರಡು ಪ್ರತಿಗಳನ್ನು ಮಾಡುತ್ತಿದ್ದೇನೆ. ಒಂದರಲ್ಲಿ ಚುಕ್ಕಿಗಳು ತಮ್ಮ ಸ್ಥಾನದಲ್ಲಿಯೇ ಇರುತ್ತವೆ. ಇನ್ನೊಂದರಲ್ಲಿ ಮಂದ್ರಸ್ವರದ ಮುಂದೆ ಒಂದು ಪೂರ್ಣವಿರಾಮ, ತಾರಸ್ವರದ ಮುಂದೆ ಒಂದು ಉದ್ಧರಣ ಚಿಹ್ನೆ. ನೋಡಲು ಸೊಗಸಿಲ್ಲ; ಆದರೆ ಯಾವ ಮೊಬೈಲೂ ಅವನ್ನು ನುಂಗುವುದಿಲ್ಲ. ಸಂಜೆ ನಾನು ಓದುತ್ತೇನೆ, ಅಜ್ಜಿ ಕೇಳಿ ತಿದ್ದುತ್ತಾರೆ.

ಮೊನ್ನೆ ಒಂದು ಗಾಂಧಾರದ ಮೇಲೆ ಸೀಸದಕಡ್ಡಿಯ ಅಲೆಯೊಂದು ಕಂಡಿತು. ಇದೇನೆಂದು ಕೇಳಿದೆ. ಅಜ್ಜಿ ಬಾಯಿಂದ ಹೇಳಲಿಲ್ಲ. ನಡುಗುವ ದನಿಯಲ್ಲಿ ಆ ಗಾಂಧಾರವನ್ನು ಎರಡು ಬಾರಿ ಹಾಡಿದರು. ನನ್ನ ಪ್ರತಿಯಲ್ಲಿ ಅಲ್ಲಿ ‘ಅಜ್ಜಿಯನ್ನು ಕೇಳು’ ಎಂದಿದೆ. ಇನ್ನೂ 41 ಪುಟಗಳು ಬಾಕಿ ಇವೆ.